ಎದುರುಮನೆಯ ಗ್ರಂಡಿಯಮ್ಮ, ನಂಜನಗೂಡಿನ ನಾಗರತ್ನಮ್ಮ

ಮೈಸೂರಿನ ವಿಜಯನಗರದಲ್ಲಿ ನಮ್ಮ ಬೀದಿಯ ಮನೆಗಳೆಲ್ಲ ಎದುರುಬದುರು. ಮೂವತ್ತು–ನಲವತ್ತರ ನಿವೇಶನಗಳು, ಈ ಮನೆಯ ಕಿಟಕಿ ತೆರೆದರೆ ಆ ಮನೆಯ ಹಜಾರ ಕಾಣುತ್ತದೆ. ಕೆಲಸ ಮುಗಿಸಿದ ಹುಡುಗಿ ರಾತ್ರಿ ಹತ್ತಕ್ಕೆ ಯಾರದೋ ಬೈಕಿನಿಂದ ಇಳಿದರೆ, ಗಂಡ ತೀರಿಕೊಂಡ ವರ್ಷವೇ ಒಬ್ಬಾಕೆ ಹೂ ಮುಡಿದು ಮದುವೆಗೆ ಹೊರಟರೆ, ಹೊರಗಿನವರು ಬಾಯಿ ಬಿಡುವ ಮೊದಲೇ ಮನೆಯವರು ದನಿ ತಗ್ಗಿಸಿ ಕೇಳುತ್ತಾರೆ: "ನಾಲ್ಕು ಜನ ಏನಂದಾರು?"

ಈ ನಾಲ್ಕು ಜನರನ್ನು ನಾನು ಚಿಕ್ಕಂದಿನಿಂದ ಹುಡುಕಿದ್ದೇನೆ. ಅವರಿಗೆ ಹೆಸರಿಲ್ಲ, ಮುಖವಿಲ್ಲ, ಮನೆ ನಂಬರಿಲ್ಲ. "ಕೊನೆಗೆ ಹೊರೋದಕ್ಕೆ ನಾಲ್ಕು ಜನ ಬೇಕಲ್ಲಪ್ಪ" ಎಂದು ಹಿರಿಯರು ಹೇಳುವಾಗ ಬರುವವರೂ ಅವರೇ. ಚಟ್ಟಕ್ಕೆ ಹೆಗಲು ಕೊಡುವವರ ಭಯದಲ್ಲಿ ಬದುಕಿಡೀ ಕಳೆದುಹೋಗುತ್ತದೆ.

ಇಂಗ್ಲಿಷರು ಇವರಿಗೆ ಒಂದು ಹೆಸರು ಕೊಟ್ಟರು: ಮಿಸೆಸ್ ಗ್ರಂಡಿ. 1798ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಥಾಮಸ್ ಮಾರ್ಟನ್ ಬರೆದ 'ಸ್ಪೀಡ್ ದಿ ಪ್ಲೌ' ಎಂಬ ನಾಟಕ ಆಡಿತು. ಅದರಲ್ಲಿ ಆಶ್‌ಫೀಲ್ಡ್ ಎಂಬ ರೈತನ ಹೆಂಡತಿಗೆ ಪಕ್ಕದ ಹೊಲದ ಗ್ರಂಡಿಯಮ್ಮನದೇ ಚಿಂತೆ. ಸಂತೆಯಲ್ಲಿ ಗ್ರಂಡಿಯಮ್ಮನ ಬೆಣ್ಣೆಗೆ ಹೊಗಳಿಕೆ ಬಂತಂತೆ ಎಂಬಲ್ಲಿಂದ ಹಿಡಿದು, ಮನೆಯಲ್ಲಿ ಏನು ನಡೆದರೂ ಅವಳು ಏನಂದಾಳು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ನಾಟಕ ಮುಗಿದರೂ ಗ್ರಂಡಿಯಮ್ಮ ರಂಗಕ್ಕೆ ಬರುವುದಿಲ್ಲ. ಒಂದು ಮಾತೂ ಆಡುವುದಿಲ್ಲ. ಆ ನಾಟಕ ಇಂದು ಹೆಚ್ಚಿನವರಿಗೆ ನೆನಪಿಲ್ಲ. ಪರರ ನಡತೆಗೆ ಮೂಗು ಮುರಿಯುವವರೆಲ್ಲರಿಗೂ ಅವಳ ಅಡ್ಡಹೆಸರು ಮಾತ್ರ ಅಂಟಿಕೊಂಡಿತು. ಕಾಣಿಸದೆ ಇದ್ದದ್ದೇ ಅವಳ ಬಲ ಎಂದು ನನಗೆ ತೋರುತ್ತದೆ. ಕಂಡಿದ್ದರೆ ಎದುರು ನಿಂತು ಜಗಳವಾದರೂ ಆಡಬಹುದಿತ್ತು.

ಕನ್ನಡ ಈ ಬಗೆಯವರಿಗೆ ಮನುಷ್ಯರ ಹೆಸರಿಡಲಿಲ್ಲ, ಬಟ್ಟೆಯಿಂದ ಪದ ತೆಗೆಯಿತು. ಒಗೆದು, ಯಾರೂ ಮುಟ್ಟದಂತೆ ಎತ್ತರದ ಗಳುವಿನ ಮೇಲೆ ಹರವಿದ ಬಟ್ಟೆ ಮಡಿ. ಅದನ್ನು ಕೈಯಿಂದ ಮುಟ್ಟದೆ ಕೋಲಿನಿಂದ ತೆಗೆಯಬೇಕು. ಈ ಮಡಿಯಿಂದಲೇ ಮಡಿವಂತ ಬಂತು, ಮಡಿವಂತಿಕೆ ಬಂತು. ಕಾವ್ಯವನ್ನೂ ಹೆಂಗಸರ ಬಾಳನ್ನೂ ಕೋಲಿನ ತುದಿಯಲ್ಲಿ ಎತ್ತಿ ನೋಡುವವರಿಗೆ ಇದಕ್ಕಿಂತ ಒಪ್ಪುವ ಪದ ನನಗೆ ಬೇರೆ ಭಾಷೆಯಲ್ಲಿ ಸಿಕ್ಕಿಲ್ಲ.

ಇಂಗ್ಲಿಷಿನಲ್ಲಿ ಮಾತಾಗಿ ಹೋದ ಇನ್ನೊಂದು ಅಡ್ಡಹೆಸರು ಬೌಡ್ಲರ್. ಥಾಮಸ್ ಬೌಡ್ಲರ್ ಎಂಬ ವೈದ್ಯ ಶೇಕ್ಸ್‌ಪಿಯರನ ನಾಟಕಗಳಲ್ಲಿ ಮನೆಮಂದಿಯ ಮುಂದೆ ಓದಲಾಗದ ಮಾತುಗಳನ್ನೆಲ್ಲ ಕತ್ತರಿಸಿ 1818ರಲ್ಲಿ ಹತ್ತು ಸಂಪುಟ ಹೊರತಂದ. ಅಂಥ ಕತ್ತರಿ ಕೆಲಸಕ್ಕೆಲ್ಲ ಅವನ ಹೆಸರೇ ಕ್ರಿಯಾಪದವಾಯಿತು. ಆದರೆ 1807ರಲ್ಲಿ ಬಂದ ಮೊದಲ ಆವೃತ್ತಿಯಲ್ಲಿ ಕತ್ತರಿ ಹಿಡಿದವಳು ಅವನ ಅಕ್ಕ ಹ್ಯಾರಿಯೆಟ್. ಪುಸ್ತಕದ ಮೇಲೆ ಅವಳ ಹೆಸರಿರಲಿಲ್ಲ. ಮದುವೆಯಾಗದ ಹೆಂಗಸು ಆ ಸಾಲುಗಳನ್ನು ಕತ್ತರಿಸಿದಳೆಂದರೆ ಅವುಗಳ ಅರ್ಥ ಅವಳಿಗೆ ಗೊತ್ತಿತ್ತು ಎಂದಾಗುತ್ತದಲ್ಲ.

ಹೆಸರು ಹೇಳಲಾರದ ಹೆಂಗಸಿನ ಈ ಕಥೆ ಓದುವಾಗಲೆಲ್ಲ ನನಗೆ ಪುಸ್ತಕದ ಮೇಲೆ ಹೆಸರು ಹಾಕಿಸಿ, ಎದುರಾಳಿಯ ಹೆಸರನ್ನೂ ಒಳಗೆ ಬರೆದ ಇನ್ನೊಬ್ಬಾಕೆ ನೆನಪಾಗುತ್ತಾರೆ. ಆಕೆ ಹುಟ್ಟಿದ್ದು ನಮ್ಮ ವಿಜಯನಗರದಿಂದ ಮೂವತ್ತು ಕಿಲೋಮೀಟರಿನೊಳಗಿರುವ ನಂಜನಗೂಡಿನಲ್ಲಿ. ಬೆಳೆದದ್ದು, ಅಕ್ಷರ ಕಲಿತದ್ದು ಇದೇ ಮೈಸೂರಿನಲ್ಲಿ. ಲೋಕ ಆಕೆಯನ್ನು ಬೆಂಗಳೂರು ನಾಗರತ್ನಮ್ಮ ಎಂದು ಕರೆಯುತ್ತದೆ.

ಹುಟ್ಟಿದ ದಿನ 1878ರ ನವೆಂಬರ್ 3. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು. ತಂದೆ ಸುಬ್ಬರಾವ್ ವಕೀಲರು. ಅವರು ತಾಯಿ ಮಗಳನ್ನು ಕೈಬಿಟ್ಟರು. ಪುಟ್ಟಲಕ್ಷ್ಮಿ ಎಳೆಯ ಮಗುವಿನೊಂದಿಗೆ ಮೈಸೂರಿನಲ್ಲಿ ನೆಲೆ ಹುಡುಕಿದರು. ಅರಮನೆಯ ವಿದ್ವಾಂಸರಾದ ಗಿರಿಭಟ್ಟರ ತಮ್ಮಯ್ಯನವರು ಆ ಮಗುವಿಗೆ ಸಂಸ್ಕೃತ ಹೇಳಿಕೊಟ್ಟರು. ನಾಗರತ್ನಮ್ಮ ಕನ್ನಡ, ತೆಲುಗು, ಇಂಗ್ಲಿಷನ್ನೂ ಕಲಿತರು. ಆ ಕಾಲದಲ್ಲಿ ದೊಡ್ಡ ಮನೆಗಳ ಹೆಣ್ಣುಮಕ್ಕಳಿಗೂ ಇಷ್ಟು ಓದು ದಕ್ಕುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಕಾವ್ಯ, ಸಂಗೀತ, ಅಭಿನಯ ಮೂರನ್ನೂ ಶಾಸ್ತ್ರಬದ್ಧವಾಗಿ ಕಲಿಯುವ ದಾರಿ ಹೆಣ್ಣಿಗೆ ತೆರೆದಿದ್ದದ್ದು ಈ ಕುಲದ ಮನೆಗಳಲ್ಲೇ. ಕಾಲಕ್ರಮದಲ್ಲಿ ಗುರುಮನೆಯ ಆಶ್ರಯ ತಪ್ಪಿತು. ತಾಯಿ ಮಗಳು ಊರು ಬಿಟ್ಟರು. ಬೆಂಗಳೂರಿನಲ್ಲಿ ವಾಲಾಜಾಪೇಟೆ ಪರಂಪರೆಯ ಮುನಿಸ್ವಾಮಪ್ಪನವರು ಸಂಗೀತ ಹೇಳಿಕೊಟ್ಟರು. ಹೀಗೆ ತ್ಯಾಗರಾಜರ ಶಿಷ್ಯಪರಂಪರೆ ಆಕೆಗೆ ಸಿಕ್ಕಿತು. ಹದಿನೈದರ ಸುಮಾರಿಗೆ ರಂಗವೇರಿ, ಮೈಸೂರು ಆಸ್ಥಾನದ ಮನ್ನಣೆಯನ್ನೂ ಪಡೆದರು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ ಬೆಂಗಳೂರು, ಆಮೇಲೆ ಮದರಾಸು. ಮದರಾಸಿನಲ್ಲಿ ಸ್ವಂತ ಮನೆ, ಕಚೇರಿಗಳು, ಗ್ರಾಮಫೋನ್ ತಟ್ಟೆಗಳು. ಆ ನಗರದಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಎಂದು ಆಕೆಯನ್ನು ಇಂದಿಗೂ ನೆನೆಯುತ್ತಾರೆ.

ಆಕೆ ಮೇಲೇರುತ್ತಿದ್ದ ವರ್ಷಗಳಲ್ಲೇ ಆಕೆಯ ಕುಲದ ನೆಲ ಕುಸಿಯುತ್ತಿತ್ತು. 1893ರಲ್ಲಿ ಮದರಾಸಿನ ಸಮಾಜ ಸುಧಾರಕರು ವೈಸ್‌ರಾಯರಿಗೂ ಗವರ್ನರಿಗೂ ಮನವಿ ಬರೆದು, ನೃತ್ಯ ಇರುವ ಸಮಾರಂಭಗಳಿಗೆ ಹೋಗಬೇಡಿರೆಂದು ಕೇಳಿಕೊಂಡರು. ಇಬ್ಬರೂ ಒಪ್ಪಲಿಲ್ಲ. ಬ್ರಿಟಿಷ್ ಅಧಿಕಾರಿಗಳಿಗೆ ಕಾಣದ ಅಸಹ್ಯ ಇಂಗ್ಲಿಷ್ ಓದಿದ ನಮ್ಮವರಿಗೆ ಕಂಡಿತ್ತು. ಮೈಸೂರು ಸಂಸ್ಥಾನದಲ್ಲೂ 1890ರ ದಶಕದಿಂದಲೇ ಮುಜರಾಯಿ ದೇವಸ್ಥಾನಗಳ ನರ್ತಕಿಯರ ಸೇವೆಗೆ ಒಂದೊಂದಾಗಿ ಕಡಿವಾಣ ಬಿತ್ತು. 1909ರಲ್ಲಿ ಸರ್ಕಾರ ಆ ಸೇವೆಯನ್ನೇ ನಿಲ್ಲಿಸಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ಹೆಣ್ಣುಮಕ್ಕಳು, ಇದು ನಮ್ಮ ವಂಶಪಾರಂಪರ್ಯದ ಹಕ್ಕು, ನಮ್ಮ ಜೀವನೋಪಾಯ ಎಂದು ಮನವಿ ಮಾಡಿಕೊಂಡರು. ಸರ್ಕಾರ ಜಗ್ಗಲಿಲ್ಲ.

ಇಲ್ಲಿ ನಾನು ಒಂದು ಮಾತನ್ನು ಬಿಡಿಸಿ ಹೇಳಬೇಕು. ದೇವರ ಹೆಸರಿನಲ್ಲಿ ಎಳೆಯ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿ, ಅವಳ ದೇಹವನ್ನು ಉಳ್ಳವರ ಕೈಗೆ ಒಪ್ಪಿಸುವ ಪದ್ಧತಿ ಹೋಗಲೇಬೇಕಿತ್ತು. 1982ರಲ್ಲಿ ಕರ್ನಾಟಕ ಅದಕ್ಕೆ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು, ಆಮೇಲೂ ಬಡವರ ಮನೆಗಳಲ್ಲಿ ಅದು ಕದ್ದುಮುಚ್ಚಿ ಉಳಿಯಿತು. ನನ್ನ ತಕರಾರು ಸುಧಾರಣೆಯ ಮೇಲಲ್ಲ. ಆ ಮನೆಗಳಿಗೆ ರಾತ್ರಿ ಹೋಗುತ್ತಿದ್ದ ಗಂಡಸರನ್ನು ಯಾವ ಆದೇಶವೂ ಹೆಸರಿಸಲಿಲ್ಲ. ಪಾಪದ ಹೊರೆಯೆಲ್ಲ ಹೆಣ್ಣಿನ ತಲೆಗೆ ಬಂತು. ಅವಳ ಕುಣಿತ ಮಾತ್ರವಲ್ಲ, ಅವಳ ಓದು, ಅವಳ ಪದ್ಯ, ಅವಳ ಅಜ್ಜಿ ಬರೆದಿಟ್ಟ ಓಲೆಗರಿ ಎಲ್ಲವೂ ಮೈಲಿಗೆಯಾದವು.

ಈ ಹೊತ್ತಿನಲ್ಲೇ ನಾಗರತ್ನಮ್ಮನವರ ಕೈಗೆ 'ರಾಧಿಕಾ ಸಾಂತ್ವನಮು' ಸಿಕ್ಕಿತು.

ಇದನ್ನು ಬರೆದವರು ಮುದ್ದುಪಳನಿ. ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹ 1739ರಿಂದ 1763ರವರೆಗೆ ಆಳಿದ. ಅವನ ಆಸ್ಥಾನದಲ್ಲಿದ್ದ ವಿದುಷಿ ಆಕೆ. ಊರು ತಮಿಳು, ದೊರೆ ಮರಾಠಿ, ಕಾವ್ಯ ತೆಲುಗು. 584 ಪದ್ಯಗಳು. ಕಥೆ ಚಿಕ್ಕದು. ರಾಧೆ ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಆ ಹುಡುಗಿಗೆ ಬುದ್ಧಿ ಹೇಳುತ್ತಾಳೆ, ಕೃಷ್ಣನಿಗೂ ಹೇಳುತ್ತಾಳೆ. ಆಮೇಲೆ ಆ ಜೋಡಿಯನ್ನು ನೋಡಲಾಗದೆ ಉರಿಯುತ್ತಾಳೆ. ಕೃಷ್ಣ ಬಂದು ಅವಳ ಕೋಪ ತಣಿಸುತ್ತಾನೆ. ಶೃಂಗಾರ ಕಾವ್ಯಕ್ಕೆ ತೆಲುಗಿನಲ್ಲಿ ಬರವಿರಲಿಲ್ಲ, ಕನ್ನಡದಲ್ಲೂ ಇಲ್ಲ, ಸಂಸ್ಕೃತದಲ್ಲಂತೂ ಇಲ್ಲವೇ ಇಲ್ಲ. ಇಲ್ಲಿ ಬಯಸುವವಳು, ಮುಂದೆ ಬರುವವಳು, ಮುನಿಯುವವಳು ಹೆಣ್ಣು; ಬರೆದವಳೂ ಹೆಣ್ಣು. ಕಾವ್ಯದ ಆರಂಭದಲ್ಲಿ ಮುದ್ದುಪಳನಿ ತನ್ನ ವಂಶವನ್ನು ಹೇಳಿಕೊಳ್ಳುವಾಗ ತನಗಿಂತ ಮೊದಲು ಆಸ್ಥಾನದಲ್ಲಿ ಹೆಸರಾಗಿದ್ದ ಅಜ್ಜಿ ತಂಜನಾಯಕಿಯನ್ನು ಹೆಮ್ಮೆಯಿಂದ ನೆನೆಯುತ್ತಾರೆ. ಕವಿಗಳ ವಂಶಾವಳಿಯಲ್ಲಿ ಅಜ್ಜಿಯ ಹೆಸರನ್ನು ಎಷ್ಟು ಕಡೆ ಕಂಡಿದ್ದೇವೆ?

ಮುದ್ದುಪಳನಿಗಿಂತ ಸುಮಾರು ಅರ್ಧ ಶತಮಾನ ಹಿಂದೆ ನಮ್ಮ ಮೈಸೂರು ಅರಮನೆಯಲ್ಲೂ ಒಬ್ಬ ಹೆಣ್ಣುಮಗಳು ಕಾವ್ಯ ಬರೆದಳು. ಚಿಕ್ಕದೇವರಾಜ ಒಡೆಯರ ಕಾಲದ, ಯಳಂದೂರಿನ ಸಂಚಿಯ ಹೊನ್ನಮ್ಮ. ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುವ ಊಳಿಗ. ಹೆಣ್ಣನ್ನು ಕೀಳೆನ್ನುವವರನ್ನು ಆಕೆ ನೇರವಾಗಿಯೇ ತರಾಟೆಗೆ ತೆಗೆದುಕೊಂಡಳು. ಆದರೆ ಅವಳ ಗ್ರಂಥದ ಹೆಸರು 'ಹದಿಬದೆಯ ಧರ್ಮ', ಪತಿವ್ರತೆಯ ನಡತೆ ಅದರ ವಸ್ತು. ಅದು ಅಚ್ಚಾಯಿತು, ಪಾಠವಾಯಿತು, ಮನೆಮನೆಯಲ್ಲಿ ಓದಿಸಿಕೊಂಡಿತು. ಹೊನ್ನಮ್ಮ ನನಗೆ ಪ್ರಿಯಳಾದ ಕವಿ. ಅವಳಿಗೆ ಸಂದ ಗೌರವ ನ್ಯಾಯವಾದದ್ದೇ. ಪಕ್ಕದ ಭಾಷೆಯ ಅವಳ ಸೋದರಿಗೆ ಸಂದದ್ದೇನು ಎಂಬುದನ್ನು ನೋಡಿ.

ಕಂದುಕೂರಿ ವೀರೇಶಲಿಂಗಂ ಪಂತುಲು ತೆಲುಗು ಕವಿಗಳ ಚರಿತ್ರೆ ಬರೆದರು. 1881ರ ಡಿಸೆಂಬರಿನಲ್ಲಿ ರಾಜಮಂಡ್ರಿಯಲ್ಲಿ ವಿಧವಾ ವಿವಾಹ ಮಾಡಿಸಿ, ಬಹಿಷ್ಕಾರ, ಬೆದರಿಕೆ ಎರಡನ್ನೂ ಎದುರಿಸಿದ ಧೀರರು ಅವರು. ಊರಿನ ನಾಲ್ಕು ಜನರಿಗೆ ಸೊಪ್ಪು ಹಾಕದವರು. ಅಂಥವರೇ ಮುದ್ದುಪಳನಿಯ ಬಳಿ ಬಂದಾಗ ನಾಲ್ಕು ಜನರಲ್ಲಿ ಒಬ್ಬರಾದರು. ಈಕೆ ವೇಶ್ಯೆ, ಹೆಂಗಸರು ಕಿವಿಯಿಂದ ಕೇಳಬಾರದ ಸಂಗತಿಗಳನ್ನು ಹೆಂಗಸಾಗಿ ಬಾಯಿಂದ ಆಡಿದ್ದಾಳೆ ಎಂಬುದು ಅವರ ತೀರ್ಪಿನ ಸಾರ. ನನ್ನನ್ನು ಈ ಇಡೀ ಪ್ರಸಂಗದಲ್ಲಿ ಹೆಚ್ಚು ನೋಯಿಸುವುದು ಇದೇ. ಸಂಪ್ರದಾಯಸ್ಥನೊಬ್ಬ ಹೀಗೆ ಬರೆದಿದ್ದರೆ ಓದಿ ಮುಂದೆ ಹೋಗಬಹುದಿತ್ತು. ವಿಧವೆಯ ಪರವಾಗಿ ಕಲ್ಲೇಟಿಗೆ ಸಿದ್ಧವಾದ ಮನುಷ್ಯನಿಗೆ ಕವಯಿತ್ರಿ ಕಾಣಲಿಲ್ಲ.

ಕಾವ್ಯ 1887ರಲ್ಲಿ ಒಮ್ಮೆ ಅಚ್ಚಾಗಿತ್ತು. ಸಿ. ಪಿ. ಬ್ರೌನರ ಒಡನಾಡಿಯಾಗಿದ್ದ ಪೈಡಿಪಾಟಿ ವೆಂಕಟನರಸು ಅದನ್ನು ಹೊರತಂದಿದ್ದರು. ನಾಗರತ್ನಮ್ಮ ಕಷ್ಟಪಟ್ಟು ಆ ಪ್ರತಿ ಸಂಪಾದಿಸಿದರು. ಓದಿದಾಗ ಅಲ್ಲಲ್ಲಿ ತಪ್ಪು, ಅಲ್ಲಲ್ಲಿ ಲೋಪ. ಆಮೇಲೆ ಸ್ನೇಹಿತರೊಬ್ಬರಿಂದ ಹಸ್ತಪ್ರತಿ ಬಂತು. ಎರಡನ್ನೂ ಎದುರಿಗಿಟ್ಟುಕೊಂಡು ಹೋಲಿಸಿದಾಗ ಗುಟ್ಟು ತಿಳಿಯಿತು: ಅಚ್ಚಿನಲ್ಲಿ ಹಲವು ಪದ್ಯಗಳೇ ಇಲ್ಲ, ಕವಯಿತ್ರಿ ತನ್ನ ವಂಶ ಹೇಳಿಕೊಂಡ ಪೀಠಿಕೆಯೂ ಇಲ್ಲ. ಶೃಂಗಾರದ ಜೊತೆ ಅಜ್ಜಿಯೂ ಕತ್ತರಿಗೆ ಸಿಕ್ಕಿದ್ದಳು.

ಮೂವತ್ತು ದಾಟಿದ, ಕಚೇರಿಗಳಿಂದ ಬಿಡುವೇ ಇಲ್ಲದ ಗಾಯಕಿ ಓಲೆಗರಿಯ ಪಾಠಾಂತರ ನೋಡುತ್ತ ಕೂತದ್ದನ್ನು ನಾನು ಮತ್ತೆ ಮತ್ತೆ ಕಣ್ಣಮುಂದೆ ತಂದುಕೊಳ್ಳುತ್ತೇನೆ. ಗ್ರಂಥಸಂಪಾದನೆ ಆಗ ಪಂಡಿತರ ಕೆಲಸ, ಪಂಡಿತರೆಂದರೆ ಗಂಡಸರು. ಮೈಸೂರಿನಲ್ಲಿ ತಮ್ಮಯ್ಯನವರು ಹಾಕಿದ ಸಂಸ್ಕೃತದ ಬುನಾದಿ ಮದರಾಸಿನಲ್ಲಿ ಒಂದು ತೆಲುಗು ಕಾವ್ಯವನ್ನು ಉಳಿಸಲು ಕೆಲಸಕ್ಕೆ ಬಂತು. 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಎಂಬ ಹೆಸರಾಂತ ಪ್ರಕಾಶನದಿಂದ ಪೂರ್ಣ ಕಾವ್ಯ ಹೊರಬಂತು.

ಅದರ ಮುನ್ನುಡಿಯಲ್ಲಿ ನಾಗರತ್ನಮ್ಮ "ಕೆಲವರು ಹೀಗನ್ನುತ್ತಾರೆ" ಎಂದು ಜಾರಿಕೊಳ್ಳಲಿಲ್ಲ. ವೀರೇಶಲಿಂಗಂ ಹೆಸರು ಹಿಡಿದೇ ಕೇಳಿದರು. ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರವೋ, ಗಂಡಸರಿಗೂ ಉಂಟೋ? ವೇಶ್ಯೆ ನಾಚದೆ ಬರೆದಳು ಎನ್ನುವುದಾದರೆ, ಗೌರವಸ್ಥ ಗಂಡಸರು ಅದಕ್ಕಿಂತ ಹಸಿಯಾಗಿ ಬರೆಯಬಹುದೆಂದು ಅರ್ಥವೋ? ಅಷ್ಟಕ್ಕೇ ಬಿಡಲಿಲ್ಲ. 'ವೈಜಯಂತೀ ವಿಲಾಸಮು' ಎಂಬ ಕಾವ್ಯವನ್ನು ಆ ಹಿರಿಯರೇ ಪರಿಶೀಲಿಸಿ ಅಚ್ಚಿಗೆ ಒಪ್ಪಿಗೆ ಕೊಟ್ಟಿದ್ದರು. ಶ್ರೀರಂಗದ ಭಕ್ತ ವಿಪ್ರನಾರಾಯಣ ಗಣಿಕೆಗೆ ಮರುಳಾಗುವ ಕಥೆ ಅದು, ಬರೆದವರು ಗಂಡಸು. ಅದು ಇದಕ್ಕಿಂತ ಎಷ್ಟು ಹೆಚ್ಚು ಶುದ್ಧ ಎಂದು ಪುಟ ತೆರೆದು ಕೇಳಿದರು.

ಕಾಣದ ಗ್ರಂಡಿಯಮ್ಮನನ್ನು ಕೈಹಿಡಿದು ರಂಗದ ಮಧ್ಯಕ್ಕೆ ಎಳೆತಂದು ನಿಲ್ಲಿಸಿದ ಗಳಿಗೆ ಅದು.

ಉತ್ತರ ಬಂದ ಬಗೆ ನೋಡಿ. 'ಶಶಿಲೇಖ' ಪತ್ರಿಕೆಯ ವಿಮರ್ಶೆ, ಒಬ್ಬ ವೇಶ್ಯೆ ಬರೆದದ್ದನ್ನು ಇನ್ನೊಬ್ಬ ವೇಶ್ಯೆ ತಿದ್ದಿ ಹೊರತಂದಿದ್ದಾಳೆ ಎಂಬರ್ಥದ ಮಾತು ಆಡಿತು. ಕೇಳಿದ್ದ ಪ್ರಶ್ನೆಗಳಿಗೆ ಅದರಲ್ಲಿ ಜವಾಬಿಲ್ಲ. ಕೇಳಿದವಳ ಕುಲಕ್ಕೆ ಬೆರಳು. ದೂರು ಸರ್ಕಾರಕ್ಕೆ ಮುಟ್ಟಿತು. ಸರ್ಕಾರಿ ಅನುವಾದಕರು ಆಯ್ದ ಪದ್ಯಗಳನ್ನು ಇಂಗ್ಲಿಷಿಗೆ ಇಳಿಸಿದರು. ರಾಗ, ಛಂದಸ್ಸು, ಭಕ್ತಿ ಎಲ್ಲ ಉದುರಿ, ಕಡತದ ಕಾಗದದ ಮೇಲೆ ಉಳಿದ ಪದ್ಯ ಎಂಥದ್ದಾಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. 1911ರಲ್ಲಿ ಮದರಾಸಿನ ಪೊಲೀಸ್ ಕಮಿಷನರ್ ಕನ್ನಿಂಗ್‌ಹ್ಯಾಮ್ ಪ್ರತಿಗಳನ್ನು ವಶಪಡಿಸಿಕೊಂಡ. ಹೀಗೆ ನಿಷೇಧಿಸುತ್ತ ಹೋದರೆ ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಉಳಿಯುವುದೇನು ಎಂದು ವಿದ್ವಾಂಸರೂ ಪ್ರಕಾಶಕರೂ ಅರ್ಜಿ ಬರೆದರು. ಪ್ರಯೋಜನವಾಗಲಿಲ್ಲ. ಇನ್ನೂ ಕೆಲವು ಶೃಂಗಾರ ಗ್ರಂಥಗಳ ಜೊತೆ ಇದನ್ನೂ ನಿಷೇಧಿಸಿ, ಪ್ರತಿಗಳನ್ನು ನಾಶಮಾಡಲು ಆಜ್ಞೆಯಾಯಿತು.

ಅಶ್ಲೀಲ ಪುಸ್ತಕಗಳ ಮೇಲೆ ಆಗ ಇದ್ದ ಅಸ್ತ್ರ 1860ರ ಭಾರತೀಯ ದಂಡ ಸಂಹಿತೆಯ 292ನೇ ಕಲಂ. ಅದರಲ್ಲೇ ಒಂದು ವಿನಾಯಿತಿ ಇತ್ತು: ದೇವಸ್ಥಾನದ ಮೇಲೆ, ದೇವರ ತೇರಿನ ಮೇಲೆ ಕೆತ್ತಿದ ಬರೆದ ಚಿತ್ರಗಳಿಗೆ ಇದು ಅನ್ವಯಿಸದು. ಮಿಥುನ ಶಿಲ್ಪಗಳಿರುವ ತೇರನ್ನು ಊರೇ ಎಳೆಯಬಹುದು. ಆ ದೇವರಿಗೆ ಅರ್ಪಿಸಿದ ಶೃಂಗಾರವನ್ನು ಹೆಣ್ಣೊಬ್ಬಳು ಪದ್ಯ ಮಾಡಿದರೆ ಅಪರಾಧ. ಇನ್ನು ಯಾವುದು ಅಶ್ಲೀಲ ಎಂದು ಅಳೆಯುವ ಕೋಲು 1868ರಲ್ಲಿ ಇಂಗ್ಲೆಂಡಿನ ಹಿಕ್ಲಿನ್ ಮೊಕದ್ದಮೆಯಿಂದ ಬಂದದ್ದು: ಇಂಥ ಬರಹದಿಂದ ಕೆಡಬಹುದಾದ ಮನಸ್ಸಿನವರ ಕೈಗೆ ಇದು ಸಿಕ್ಕರೆ ಏನಾದೀತು ಎಂದು ನೋಡಬೇಕು. ಆ ಮನಸ್ಸಿನವರು ಯಾರು? ಅವರೂ ರಂಗಕ್ಕೆ ಬಾರದವರು, ಹೆಸರಿಲ್ಲದವರು. ಗ್ರಂಡಿಯಮ್ಮ ಕೋರ್ಟಿನ ಮೆಟ್ಟಿಲು ಹತ್ತಿದ್ದಳು. ನಮ್ಮ ಸುಪ್ರೀಂ ಕೋರ್ಟು 1964ರಲ್ಲಿ ಅದೇ ಕೋಲನ್ನು ಹಿಡಿಯಿತು. ಅದನ್ನು ಕೆಳಗಿಟ್ಟದ್ದು 2014ರಲ್ಲಿ.

ಪುಸ್ತಕ ಸತ್ತಿತೆಂದು ನಾಗರತ್ನಮ್ಮ ಕೈಚೆಲ್ಲಿ ಕೂರಲಿಲ್ಲ, ಕುಗ್ಗಿ ಮೂಲೆ ಸೇರಲೂ ಇಲ್ಲ. 1921ರಲ್ಲಿ ತಿರುವಯ್ಯಾರಿನ ಕಾವೇರಿ ದಂಡೆಯಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಲು ಹೊರಟರು. ಕಚೇರಿಗಳಲ್ಲಿ ಗಳಿಸಿದ್ದನ್ನು ಅಲ್ಲಿಗೆ ಸುರಿದರು. ಗುಡಿ ಎದ್ದಿತು. ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ತ್ಯಾಗರಾಜರ ಆರಾಧನೆಯಲ್ಲಿ ಮಾತ್ರ ಹೆಂಗಸರು ಹಾಡುವಂತಿರಲಿಲ್ಲ! ಎರಡು ಗುಂಪು ಕಟ್ಟಿಕೊಂಡು ಕಾದಾಡುತ್ತಿದ್ದ ಗಂಡಸರು ಈ ಒಂದು ವಿಷಯದಲ್ಲಿ ಒಮ್ಮತದಿಂದಿದ್ದರು. 1927ರಲ್ಲಿ ನಾಗರತ್ನಮ್ಮ ಹೆಂಗಸರದೇ ಮೂರನೆಯ ಗುಂಪು ಕಟ್ಟಿ ಗುಡಿಯ ಹಿಂಬದಿಯಲ್ಲಿ ಹಾಡಿಸಿದರು. ಅದೇ ವರ್ಷ ಡಾ. ಮುತ್ತುಲಕ್ಷ್ಮಿ ರೆಡ್ಡಿ ದೇವದಾಸಿ ಪದ್ಧತಿಯ ವಿರುದ್ಧ ಮದರಾಸು ಶಾಸನಸಭೆಯಲ್ಲಿ ನಿರ್ಣಯ ತಂದಾಗ, ನಾಗರತ್ನಮ್ಮ ತಮ್ಮ ಕುಲದ ಹೆಣ್ಣುಮಕ್ಕಳ ಸಂಘದ ಪರವಾಗಿ ವಿರೋಧ ಬರೆದರು. ಆ ವಾದದಲ್ಲಿ ನಾನು ರೆಡ್ಡಿಯವರ ಕಡೆ ನಿಲ್ಲುತ್ತೇನೆ. ಆದರೂ, ನಮ್ಮನ್ನು ಒಂದು ಮಾತು ಕೇಳದೆ ನಮ್ಮ ಬಗ್ಗೆ ಹೇಗೆ ತೀರ್ಮಾನಿಸುತ್ತೀರಿ ಎಂಬ ಆ ಹೆಂಗಸರ ನೋವು ಸುಳ್ಳಾಗಿರಲಿಲ್ಲ. ನಂಜನಗೂಡಿನ ಮನವಿಯಲ್ಲಿದ್ದದ್ದೂ ಅದೇ ನೋವು.

ತಿರುವಯ್ಯಾರಿನ ಗುಂಪುಗಳು ಒಂದಾದದ್ದು 1940ರ ದಶಕದ ಹೊಸಿಲಲ್ಲಿ. ಪುಸ್ತಕಕ್ಕೆ ಬಿಡುಗಡೆ ಸಿಕ್ಕಿದ್ದು ಅದಕ್ಕೂ ಆಚೆ, 1947ರಲ್ಲಿ. ಮದರಾಸು ಪ್ರಾಂತ್ಯದ ಪ್ರೀಮಿಯರ್ ಆಗಿದ್ದ ಟಂಗುಟೂರಿ ಪ್ರಕಾಶಂ ನಿಷೇಧ ತೆಗೆದರು. ತೆಲುಗು ಸಾಹಿತ್ಯದ ಹಾರಕ್ಕೆ ಕಳೆದ ಮುತ್ತುಗಳನ್ನು ಮರಳಿ ಪೋಣಿಸಿದಂತಾಯಿತು ಎಂಬುದು ಅವರ ಭಾವ. 1952ರಲ್ಲಿ ವಾವಿಳ್ಳದವರು ಕಾವ್ಯವನ್ನು ಮತ್ತೆ ಅಚ್ಚು ಹಾಕಿದರು.

ಅದೇ 1952ರ ಮೇ 19ರಂದು ನಾಗರತ್ನಮ್ಮ ತೀರಿಕೊಂಡರು. ಎಪ್ಪತ್ತಮೂರು ವರ್ಷ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಗುಡಿಯ ಸನಿಹದಲ್ಲೇ ಆಕೆಯ ಸಮಾಧಿ ಇದೆ. ಪ್ರತಿ ಪುಷ್ಯ ಬಹುಳ ಪಂಚಮಿಯಂದು ನೂರಾರು ಕಂಠಗಳು ಪಂಚರತ್ನ ಕೃತಿಗಳನ್ನು ಎತ್ತಿಕೊಂಡಾಗ ಹೆಂಗಸರೂ ಗಂಡಸರೂ ಎದುರುಬದುರು ಸಾಲಾಗಿ ಕೂತಿರುತ್ತಾರೆ. ಆಚೆ ಕಲ್ಲಿನ ನಾಗರತ್ನಮ್ಮ ಕೈಮುಗಿದು, ಗುಡಿಯ ಕಡೆ ಮುಖ ಮಾಡಿ ಕೂತಿದ್ದಾರೆ.